ಹುಡುಕಿದ್ದು ಒಂದು, ಬೆಳೆದದ್ದು ಕೂದಲು

ನೀವು ಗಮನಿಸಿದ್ದೀರೋ ಇಲ್ಲವೋ, ನಮ್ಮ ಬೀದಿಗೆ ಬರುವ ಕೊರಿಯರ್ ಹುಡುಗನ ಚೀಲದಲ್ಲಿ ಈಗೀಗ ತಲೆಗೂದಲಿನ ಸಾಮಾನೇ ಜಾಸ್ತಿ. ಎದುರುಮನೆಗೆ ರೋಸ್‌ಮೆರಿ ನೀರು, ಮೂಲೆಮನೆಗೆ ಈರುಳ್ಳಿ ಶಾಂಪೂ, ನಮ್ಮನೆಗೆ ಅಣ್ಣನ ಮಗನ ಹೆಸರಿನಲ್ಲಿ ಡ್ರಾಪರ್ ಇರುವ ಪುಟ್ಟ ಬಾಟಲಿ. ಮೊದಲೆಲ್ಲ ಹುಡುಗನಿಗೆ ಇಪ್ಪತ್ತೇಳು ತುಂಬಿತು ಅಂದರೆ ಜಾತಕ ಹೊರಗೆ ತೆಗೆಯೋರು. ಈಗ ಮೊದಲು ಹಣೆ ನೋಡ್ತಾರೆ. ಹಣೆ ಎಲ್ಲಿಗೆ ಮುಗಿಯಿತು, ನೆತ್ತಿ ಎಲ್ಲಿಂದ ಶುರುವಾಯಿತು ಅಂತ ಗಡಿ ಗುರುತಿಸೋಕೆ ಸರ್ವೆಯವರನ್ನೇ ಕರೆಸಬೇಕು, ಅಲ್ವಾ?

ನನಗೆ ಇದರಲ್ಲಿ ತಮಾಷೆ ಅನ್ನಿಸೋದು ಬೇರೆ. ಕೂದಲು ಬೆಳೆಸುತ್ತೆ ಅಂತ ಡಾಕ್ಟರು ಒಪ್ಪೋ ಔಷಧಿಗಳು ಬೆರಳೆಣಿಕೆಯಷ್ಟು. ಅದರಲ್ಲಿ ಹೆಚ್ಚುಕಮ್ಮಿ ಒಂದನ್ನೂ ಬೋಳುತಲೆಗೆ ಕೂದಲು ತರಿಸಬೇಕು ಅಂತ ಹೊರಟವರು ಕಂಡುಹಿಡಿದದ್ದಲ್ಲ. ಏನೋ ಹುಡುಕೋಕೆ ಹೋದರು, ಕೂದಲು ಸಿಕ್ಕಿತು. ಕೂದಲನ್ನೇ ಹುಡುಕಿಕೊಂಡು ಹೊರಟವರಿಗೆ ಮೂರೂವರೆ ಸಾವಿರ ವರ್ಷದಿಂದ ಸಿಕ್ಕಿದ್ದು ಬರೀ ಜಿಡ್ಡು. ಈಜಿಪ್ಟಿನ ಎಬರ್ಸ್ ಪಪೈರಸ್ ಅನ್ನೋ ಹಳೇ ವೈದ್ಯದ ಸುರುಳಿಯಲ್ಲಿ ಬೋಳುತಲೆಗೆ ಮದ್ದು ಬರೆದಿದ್ದಾರೆ: ಸಿಂಹ, ನೀರಾನೆ, ಮೊಸಳೆ, ಬೆಕ್ಕು, ಹಾವು, ಕಾಡುಮೇಕೆ, ಇಷ್ಟರ ಕೊಬ್ಬನ್ನೂ ಕಲಸಿ ನೆತ್ತಿಗೆ ತಿಕ್ಕಬೇಕು. ಬೆಕ್ಕಿನ ತನಕ ಹೇಗೋ ಆಯಿತು ಅನ್ನಿ. ಸಿಂಹ ಹಿಡಿದು ಕೊಬ್ಬು ತೆಗೆಯೋ ಗಂಡಸಿಗೆ ತಲೇಲಿ ಕೂದಲಿದ್ದರೆಷ್ಟು, ಬಿಟ್ಟರೆಷ್ಟು?

ಆ ಪುಟ್ಟ ಬಾಟಲಿಯನ್ನೇ ತಗೊಳ್ಳಿ. ಅದರಲ್ಲಿರೋದು ಮಿನಾಕ್ಸಿಡಿಲ್. ಈಗ ಕಾಲೇಜು ಹುಡುಗರ ಬಾಯಲ್ಲೆಲ್ಲ ಓಡಾಡೋ ಹೆಸರು. ಆದರೆ ಅದು ಹುಟ್ಟಿದ್ದು ಬಿಪಿ ಮಾತ್ರೆಯಾಗಿ. ಬೇರೆ ಯಾವ ಔಷಧಿಗೂ ಬಗ್ಗದ ರಕ್ತದೊತ್ತಡಕ್ಕೆ ಅಂತ ಅಮೆರಿಕದ ಅಪ್‌ಜಾನ್ ಕಂಪನಿಯವರು ಮಾಡಿದ್ದು. 1979ರಲ್ಲಿ ಅದಕ್ಕೆ ಅಪ್ಪಣೆ ಸಿಕ್ಕಿತು. ನುಂಗಿದವರಿಗೆ ಬಿಪಿ ಇಳಿಯಿತು ನಿಜ. ಜತೆಗೆ ಹಣೆ, ಕೆನ್ನೆ, ಕೈ, ಬೆನ್ನು ಅಂತ ಬೇಡದ ಜಾಗದಲ್ಲೆಲ್ಲ ರೋಮ ಬಂತು. ಬಿಪಿ ಇಳಿಸೋ ಮಾತ್ರೆ ತಗೊಂಡ ಹೆಂಗಸು ಬೆಳಿಗ್ಗೆ ಎದ್ದು ಕನ್ನಡಿ ನೋಡಿಕೊಂಡಾಗ ಮೀಸೆ ಚಿಗುರಿದ್ದರೆ ಇಳಿದ ಬಿಪಿ ಮತ್ತೆ ಏರಲ್ವಾ? ಕಂಪನಿಯವರು ಮಾತ್ರ ತಲೆ ಓಡಿಸಿದರು. ಅದನ್ನೇ ನೀರಿನ ಔಷಧಿ ಮಾಡಿ ತಲೆಗೆ ಹಚ್ಚಿಕೊಳ್ಳಿ ಅಂದರು. 1988ರಲ್ಲಿ ಅದಕ್ಕೂ ಒಪ್ಪಿಗೆ ಬಂತು.

ಹಚ್ಚೋದು ಅಂದರೆ ಒಂದು ವ್ರತವೇ. ನೆತ್ತಿ ಒಣಗಿರಬೇಕು. ಡ್ರಾಪರಿನಲ್ಲಿ ಒಂದು ಎಂ.ಎಲ್. ಗೆರೆವರೆಗೆ ಎಳೆದು, ಕೂದಲು ಬಿಡಿಸಿ, ಚರ್ಮಕ್ಕೇ ತಾಗೋ ಹಾಗೆ ಬಿಡಬೇಕು. ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ. ಆಮೇಲೆ ಕೈ ತೊಳೀಬೇಕು. ಒಣಗದೆ ಮಲಗಿದರೆ ತಲೆಯ ಔಷಧಿ ದಿಂಬಿಗೆ, ದಿಂಬಿನದ್ದು ಕೆನ್ನೆಗೆ. ಒಣಗಿದ ಮೇಲೆ ಬೆಳ್ಳಗೆ ಪುಡಿ ಕೂರುತ್ತೆ. ಅದನ್ನ ಹೊಟ್ಟು ಅಂದುಕೊಂಡು ಹುಡುಗರು ಇನ್ನೊಂದು ಶಾಂಪೂ ತರಿಸ್ತಾರೆ. ಮನೇಲಿ ಬೆಕ್ಕಿದ್ದರಂತೂ ಬಾಟಲಿ ಮೇಲೆ ಕಣ್ಣಿಟ್ಟಿರಬೇಕು. ಮಿನಾಕ್ಸಿಡಿಲ್ ಬೆಕ್ಕಿಗೆ ವಿಷ, ಚೆಲ್ಲಿದ್ದು ನೆಕ್ಕಿದರೂ ಜೀವಕ್ಕೆ ಅಪಾಯ. ಆ ಈಜಿಪ್ಟಿನವರ ಕಾಲದಲ್ಲೂ ಬೆಕ್ಕಿಗೇ ಕಷ್ಟ, ಈಗಲೂ ಬೆಕ್ಕಿಗೇ ಕಷ್ಟ ನೋಡಿ.

ಇದರಲ್ಲಿ ಇನ್ನೊಂದು ವಿಚಿತ್ರ ಇದೆ. ಹಚ್ಚೋಕೆ ಶುರುಮಾಡಿದ ಕೆಲವೇ ವಾರದಲ್ಲಿ ಎಷ್ಟೋ ಜನಕ್ಕೆ ಕೂದಲು ಮೊದಲಿಗಿಂತ ಜಾಸ್ತಿ ಉದುರುತ್ತೆ. ನಮ್ಮ ಅಣ್ಣನ ಮಗ ಬಾತ್‌ರೂಮಿಂದ ಹೊರಗೆ ಬಂದು, “ಅತ್ತೆ, ಇದ್ದದ್ದೂ ಹೋಯ್ತು” ಅಂತ ಗೋಡೆಗೊರಗಿ ಕೂತುಬಿಟ್ಟ. ಪಾಪ, ಅವನಿಗೆ ಬಾಟಲಿ ಜತೆ ಬಂದ ಚೀಟಿ ಓದೋ ತಾಳ್ಮೆ ಇಲ್ಲ. ವಿಶ್ರಾಂತಿಯಲ್ಲಿದ್ದ ಹಳೇ ಕೂದಲನ್ನ ಹೊಸದು ಹೊರಗೆ ದಬ್ಬುತ್ತಂತೆ, ಅದಕ್ಕೇ ಹಾಗೆ. ಫಲ ಕಾಣೋಕೆ ನಾಲ್ಕರಿಂದ ಆರು ತಿಂಗಳು ಬೇಕು. ಕಂಡ ಮೇಲೆ ನಿಲ್ಲಿಸೋ ಹಾಗಿಲ್ಲ. ನಿಲ್ಲಿಸಿದರೆ ಕೆಲವೇ ತಿಂಗಳಲ್ಲಿ ಬಂದದ್ದೆಲ್ಲ ವಾಪಸ್. ಬಾಡಿಗೆ ಮನೆ ಇದ್ದ ಹಾಗೆ, ತಿಂಗಳು ತಿಂಗಳು ಕಟ್ಟೋ ತನಕ ಮಾತ್ರ ನಿಮ್ಮದು. ಎಲ್ಲರ ತಲೆಯೂ ಒಪ್ಪಲ್ಲ ಅನ್ನೋದು ಬೇರೆ. ನೆತ್ತಿಯಲ್ಲಿರೋ ಒಂದು ಕಿಣ್ವ ಈ ಔಷಧಿಯನ್ನ ಬದಲಾಯಿಸಿಕೊಟ್ಟರೆ ಮಾತ್ರ ಅದು ಕೆಲಸ ಮಾಡೋದು. ಆ ಕಿಣ್ವ ಕಮ್ಮಿ ಇದ್ದವರು ಎಷ್ಟು ಹಚ್ಚಿದರೂ ಅಷ್ಟಕ್ಕಷ್ಟೇ. ಹಾಗಾಗಿ ಚರ್ಮದ ಡಾಕ್ಟರುಗಳು ಈಗ ಕೆಲವರಿಗೆ ಅದನ್ನೇ ಸಣ್ಣ ಪ್ರಮಾಣದ ಮಾತ್ರೆಯಾಗಿ ಬರೆದುಕೊಡ್ತಾರೆ. ಮಾತ್ರೆಯಾಗಿ ಹುಟ್ಟಿದ್ದು ನೀರಾಗಿ, ನೀರಾದದ್ದು ಮತ್ತೆ ಮಾತ್ರೆಯಾಗಿ... ಸುತ್ತಿ ಸುತ್ತಿ ಸುಬ್ಬಣ್ಣನ ಮನೆಗೇ ಬಂದಂಗಾಯ್ತು, ಅಲ್ವಾ?

ಇನ್ನೊಂದು ಫಿನಾಸ್ಟೆರೈಡ್. ಅದರ ಕಥೆ ಕೇಳಿದರೆ ಯಾವುದೋ ಪುರಾಣ ಅನ್ನಬೇಕು. ಕೆರಿಬಿಯನ್ ಸಮುದ್ರದ ಡೊಮಿನಿಕನ್ ರಿಪಬ್ಲಿಕ್ ದೇಶದಲ್ಲಿ ಸಲಿನಾಸ್ ಅಂತ ಒಂದು ಹಳ್ಳಿ. ಅಲ್ಲಿ ಕೆಲವು ಮಕ್ಕಳು ಹುಟ್ಟಿದಾಗ ಹೆಣ್ಣು ಅಂದುಕೊಂಡು ಲಂಗ ತೊಡಿಸಿ ಬೆಳೆಸೋರು. ಹನ್ನೆರಡರ ಸುಮಾರಿಗೆ ದನಿ ಒಡೆದು, ಮೈಕಟ್ಟು ಬಲಿತು ಗಂಡು ಅಂತ ಗೊತ್ತಾಗೋದು. ಊರಿನವರಿಗೆ ಅದೇನು ದೊಡ್ಡ ಸುದ್ದಿಯಲ್ಲ, ಹೆಸರು ಬದಲಾಯಿಸಿ ಹೊಲಕ್ಕೆ ಕಳಿಸೋರು. ಜೂಲಿಯಾನ್ ಇಂಪೆರಾಟೊ-ಮ್ಯಾಕ್‌ಗಿನ್ಲಿ ಅನ್ನೋ ಡಾಕ್ಟರಮ್ಮ ಅಲ್ಲಿಗೆ ಹೋಗಿ ನೋಡಿ 1974ರಲ್ಲಿ ಬರೆದರು: ಇವರ ಮೈಯಲ್ಲಿ ಒಂದು ಕಿಣ್ವದ ಕೊರತೆ, ಅದಿಲ್ಲದೆ ಗಂಡು ಹಾರ್ಮೋನು ಡಿಎಚ್‌ಟಿ ಅನ್ನೋ ಖಾರದ ರೂಪಕ್ಕೆ ತಿರುಗಲ್ಲ. ದೊಡ್ಡವರಾದ ಮೇಲೆ ಅವರಿಗೆ ಪ್ರಾಸ್ಟೇಟ್ ಗ್ರಂಥಿ ಸಣ್ಣದಾಗೇ ಉಳಿಯುತ್ತೆ, ಗಡ್ಡ ತೆಳ್ಳಗೆ, ತಲೆ ಮಾತ್ರ ಬೋಳಾಗೋದೇ ಇಲ್ಲ! ಇದನ್ನ ಓದಿದ ಮೆರ್ಕ್ ಕಂಪನಿಯವರ ಕಣ್ಣು ಬಿದ್ದದ್ದು ಕೂದಲ ಮೇಲಲ್ಲ, ಪ್ರಾಸ್ಟೇಟ್ ಮೇಲೆ. ವಯಸ್ಸಾದ ಗಂಡಸರು ರಾತ್ರಿ ನಾಲ್ಕು ಸಲ ಎದ್ದು ಹೋಗ್ತಾರಲ್ಲ, ಅವರಿಗಾಗಿ ಆ ಕಿಣ್ವವನ್ನೇ ತಡೆಯೋ 5 ಮಿಲಿಗ್ರಾಮಿನ ಮಾತ್ರೆ 1992ರಲ್ಲಿ ಬಂತು. 1997ರಲ್ಲಿ ಅದೇ 1 ಮಿಲಿಗ್ರಾಂ ಆಗಿ ಕೂದಲಿಗೆ ಬಂತು.

ಗಂಡು ಹಾರ್ಮೋನಿಗೂ ಬೋಳುತಲೆಗೂ ನಂಟಿದೆ ಅಂತ ಅದಕ್ಕೂ ಮೊದಲೇ ಗೊತ್ತಿತ್ತು ಬಿಡಿ. 1942ರಲ್ಲಿ ಜೇಮ್ಸ್ ಹ್ಯಾಮಿಲ್ಟನ್ ಅನ್ನೋರು ಚಿಕ್ಕ ವಯಸ್ಸಿನಲ್ಲೇ ವೃಷಣ ಕಳೆದುಕೊಂಡವರನ್ನ ನೋಡಿ, ಇವರಲ್ಲಿ ಒಬ್ಬರಿಗೂ ತಲೆ ಬೋಳಾಗಲ್ಲ ಅಂತ ಬರೆದಿದ್ದರು. ಅಂದಮೇಲೆ ಅದೇ ನೂರಕ್ಕೆ ನೂರು ಖಾತ್ರಿ ಚಿಕಿತ್ಸೆ. ಆದರೆ ಬೀದಿಗೊಂದು ಕ್ಲಿನಿಕ್ ಇರೋ ಬೆಂಗಳೂರಿನಲ್ಲೂ ಆ ಪ್ಯಾಕೇಜಿಗೆ ಗಿರಾಕಿ ಇಲ್ಲ ನೋಡಿ. ಫಿನಾಸ್ಟೆರೈಡ್ ಮಾತ್ರೆಯಲ್ಲೂ ಅದರ ನೆರಳು ಸ್ವಲ್ಪ ಇದೆ ಅಂತಾರೆ. ಕೆಲವರಿಗೆ ಹಾಸಿಗೆಯ ಉತ್ಸಾಹ ಕುಗ್ಗುತ್ತೆ, ಕೆಲವರಿಗೆ ಮನಸ್ಸೇ ಕುಗ್ಗುತ್ತೆ. ಪ್ರಾಸ್ಟೇಟಿಗೆ ಮಾಡಿಸೋ ಪಿಎಸ್‌ಎ ಪರೀಕ್ಷೆಯ ಅಂಕಿಯನ್ನ ಅರ್ಧಕ್ಕೆ ಇಳಿಸಿ ತೋರಿಸುತ್ತೆ, ಅದಕ್ಕೇ ಡಾಕ್ಟರಿಗೆ ಮೊದಲೇ ಹೇಳಿರಬೇಕು. ಬಸುರಿ ಹೆಂಗಸರು ಒಡೆದ ಮಾತ್ರೆಯನ್ನ ಮುಟ್ಟಲೂ ಬಾರದು. ಸ್ನೇಹಿತ ಹೇಳಿದ ಅಂತ ಮೆಡಿಕಲ್ ಸ್ಟೋರಿಗೆ ಹೋಗಿ ತಂದು ನುಂಗೋ ಪದಾರ್ಥ ಅದಲ್ಲ.

ಗಂಡಸರ ಕೂದಲು ಹಣೆಯ ಎರಡು ಮೂಲೆಯಿಂದ ಹಿಂದಕ್ಕೆ ಹೋಗೋದು. ನಾರ್ವುಡ್ ಅನ್ನೋ ಡಾಕ್ಟರು 1975ರಲ್ಲಿ ಅದಕ್ಕೆ ಏಳು ಮೆಟ್ಟಿಲು ಮಾಡಿಟ್ಟಿದ್ದಾರೆ. ಈಗಿನ ಹುಡುಗರು “ನಂದು ಮೂರನೇ ಸ್ಟೇಜು” ಅಂತ ಎಷ್ಟು ಸಲೀಸಾಗಿ ಹೇಳ್ತಾರೆ ಅಂದರೆ, ಮೊದಲ ಸಲ ಕೇಳಿದಾಗ ನನ್ನ ಎದೆ ಧಸಕ್ಕೆಂದಿತ್ತು. ನಮ್ಮ ಹೆಂಗಸರದ್ದು ಹಾಗಲ್ಲ. ಹಣೆ ಹಾಗೇ ಇರುತ್ತೆ, ಬೈತಲೆ ಅಗಲವಾಗುತ್ತೆ. ಯಾರೂ ನೋಡಲ್ಲ ಅಂದುಕೊಂಡಿರ್ತೀವಿ; ದೇವಸ್ಥಾನದಲ್ಲಿ ಬಗ್ಗಿ ನಮಸ್ಕಾರ ಮಾಡಿದಾಗ ಹಿಂದೆ ನಿಂತವರಿಗೆಲ್ಲ ಕಾಣುತ್ತೆ.

ಅಮ್ಮ ಇದ್ದಾಗ ಇದಕ್ಕೆಲ್ಲ ಇಷ್ಟು ಗಾಬರಿ ಇರಲಿಲ್ಲ. ತಲೆ ಬಾಚಿದ ಮೇಲೆ ಬಾಚಣಿಗೆಗೆ ಸಿಕ್ಕಿದ ಕೂದಲನ್ನ ಬೆರಳಿಗೆ ಸುತ್ತಿ, ಸಣ್ಣ ಉಂಡೆ ಮಾಡಿ, ಹಿತ್ತಲ ಗೋಡೆಯ ಸಂದಿಗೆ ತುರುಕೋಳು. ತಿಂಗಳೆರಡು ತಿಂಗಳಿಗೆ ಕೂದಲು ಕೊಳ್ಳೋನು ಸೈಕಲ್ಲಿನಲ್ಲಿ ಕೂಗಿಕೊಂಡು ಬರೋನು. ಸಂದಿಯಿಂದ ಉಂಡೆಗಳು ಹೊರಗೆ ಬರೋವು. ಅವನು ತಕ್ಕಡಿ ತೆಗೆಯೋ ಮೊದಲೇ ಅಮ್ಮ ಅಂಗೈಯಲ್ಲಿ ತೂಗಿ, “ಇಷ್ಟಕ್ಕೆ ಬರೀ ಪಿನ್ನು ಕೊಡ್ತೀಯಾ? ಒಂದು ಸ್ಟೀಲ್ ಲೋಟನಾದರೂ ಇಡು” ಅಂತ ಜಗಳ ಶುರುಮಾಡೋಳು. ಒಳ್ಳೆ ಉದ್ದನೆ ಕೂದಲಾದರೆ ಕೊಡದೆ ಚೌರಿ ಕಟ್ಟಿಸಿ ಇಟ್ಟುಕೊಳ್ಳೋಳು, ಮದುವೆ ಮುಂಜಿಗೆ ಜಡೆಗೆ ಸೇರಿಸೋಕೆ. ನಮ್ಮನೆಯಲ್ಲಿ ಆ ಲೋಟ ಇವತ್ತಿಗೂ ಇದೆ. ನಮ್ಮನೆಯವರು ಅದರಲ್ಲೇ ಕಾಫಿ ಕುಡೀತಾರೆ, ಅದು ಯಾವುದಕ್ಕೆ ಬದಲು ಬಂದ ಲೋಟ ಅಂತ ಇನ್ನೂ ಹೇಳಿಲ್ಲ. ಹಾಗೆ ಊರೂರಿಂದ ಕೊಂಡ ಕೂದಲು ಎಲ್ಲಿಗೆ ಹೋಗುತ್ತೆ ಗೊತ್ತಾ? ಕೊಪ್ಪಳದ ಪಕ್ಕ ಭಾಗ್ಯನಗರದಲ್ಲಿ ಅದೇ ದೊಡ್ಡ ಕಸುಬು. ಸಿಕ್ಕು ಬಿಡಿಸಿ, ತೊಳೆದು, ಉದ್ದದ ಲೆಕ್ಕದಲ್ಲಿ ಬೇರೆಮಾಡಿ ಕಟ್ಟು ಕಟ್ಟಿ ಹೊರದೇಶಕ್ಕೆ ಕಳಿಸ್ತಾರೆ. ತಿರುಪತಿಯಲ್ಲಿ ಕೊಟ್ಟ ಮುಡಿಯೂ ಹರಾಜಾಗಿ ಸಮುದ್ರ ದಾಟುತ್ತೆ. ಇಲ್ಲಿ ಉದುರಿದ್ದು ಅಲ್ಲಿ ಯಾರದೋ ತಲೆ ಮೇಲೆ ವಿಗ್ಗು. ಅಂದಹಾಗೆ, ಮುಡಿ ಕೊಟ್ಟರೆ ಕೂದಲು ದಟ್ಟವಾಗಿ ಬರುತ್ತೆ ಅಂತಾರಲ್ಲ, ಅದು ಕತ್ತರಿಸಿದ ತುದಿ ಮೊಂಡಾಗಿ ಕಾಣೋದರಿಂದ ಅಷ್ಟೇ. ಚರ್ಮದೊಳಗಿನ ಬೇರಿಗೆ ಕತ್ತಿಯ ವಿಷಯವೇ ತಿಳಿದಿರಲ್ಲ.

ದಿನಕ್ಕೆ 50ರಿಂದ 100 ಕೂದಲು ಉದುರೋದು ಎಲ್ಲರಿಗೂ ಇದ್ದದ್ದೇ. ತಲೆಯಲ್ಲಿ ಸುಮಾರು ಒಂದು ಲಕ್ಷ ಇರುತ್ತಲ್ಲ. ಈಗ ಬಿಳೀ ಟೈಲ್ಸಿನ ಬಾತ್‌ರೂಮು ಬಂದು ಎಲ್ಲ ಎದ್ದು ಕಾಣುತ್ತೆ. ಕಡಪಾ ಕಲ್ಲಿನ ಬಚ್ಚಲಿನಲ್ಲಿ ಯಾರು ಎಣಿಸಿದ್ದರು ಹೇಳಿ? ಬಾಣಂತನ ಆಗಿ ಮೂರು ತಿಂಗಳಿಗೆ ಹಿಡಿ ಹಿಡಿ ಉದುರುತ್ತೆ. ಡೆಂಗಿ, ಟೈಫಾಯಿಡ್ ಬಂದು ಹೋದ ಎರಡು ಮೂರು ತಿಂಗಳಿಗೂ ಹಾಗೇ. ಮೈಗೆ ಪೆಟ್ಟು ಬಿದ್ದಾಗ ಬೆಳೀತಿದ್ದ ಕೂದಲೆಲ್ಲ ಒಟ್ಟಿಗೆ ರಜೆ ಹಾಕಿ, ರಜೆ ಮುಗಿದ ಮೇಲೆ ಒಟ್ಟಿಗೇ ಉದುರಿ, ಆಮೇಲೆ ತಾವಾಗೇ ಬೆಳೆಯುತ್ತವೆ. ನಮ್ಮ ಅತ್ತೆ ಅದೇ ಸಮಯಕ್ಕೆ ಸರಿಯಾಗಿ ಎಣ್ಣೆ ಕಾಯಿಸೋಕೆ ಕೂರೋರು. ಗರುಗದ ಸೊಪ್ಪು, ದಾಸವಾಳ, ಕರಿಬೇವು, ನೆಲ್ಲಿಕಾಯಿ, ಮೆಂತ್ಯ, ಕೊಬ್ಬರಿ ಎಣ್ಣೆ. ಕಬ್ಬಿಣದ ಬಾಣಲೆಯಲ್ಲಿ ಸೊಪ್ಪಿನ ಚಟಪಟ ನಿಂತು ಎಣ್ಣೆ ಕಪ್ಪುಹಸಿರಾಗೋ ತನಕ ಒಲೆ ಮುಂದಿಂದ ಏಳೋರಲ್ಲ. ಹಚ್ಚಿ ತಿಕ್ಕಿ, ಸೀಗೆಕಾಯಿ ಹಾಕಿ ಎರೆದರೆ ಆಹಾ, ಆ ನಿದ್ದೆ! ನಾಲ್ಕು ತಿಂಗಳಲ್ಲಿ ಕೂದಲು ಬಂತು. ಬರೋದು ಹೇಗಿದ್ದರೂ ಬರುತ್ತಿತ್ತು, ಹೆಸರು ಎಣ್ಣೆಗೆ ಹೋಯಿತು. ಕೊಬ್ಬರಿ ಎಣ್ಣೆಯನ್ನ ತೆಗಳೋ ಹಾಗಿಲ್ಲ ಮತ್ತೆ. ಕೂದಲೆಳೆಯೊಳಗೆ ಇಳಿದು ಅದರ ಸತ್ವ ತೊಳೆದುಹೋಗದ ಹಾಗೆ ಕಾಯುತ್ತೆ. ಇರೋ ಕೂದಲನ್ನ ಕಾಯುತ್ತೆ, ಅಷ್ಟೇ, ಇಲ್ಲದ್ದನ್ನ ಹುಟ್ಟಿಸಲ್ಲ.

ಎಣ್ಣೆ ಅಂದಮೇಲೆ ನಮ್ಮ ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರ ಬಿಟ್ಟು ಮಾತಾಡೋಕಾಗುತ್ತಾ? ಹಕ್ಕಿಪಿಕ್ಕಿ ಜನರ ಆದಿವಾಸಿ ಎಣ್ಣೆ ಈಗ ಮೊಬೈಲ್ ತೆರೆದರೆ ಸಾಕು, ಕಾಣುತ್ತೆ. ಮೊಣಕಾಲುದ್ದ ಕೂದಲು ಬಿಟ್ಟುಕೊಂಡು ಹೆಂಗಸರು ಮಾತ್ರವಲ್ಲ, ಗಂಡಸರೂ ನಿಂತಿರ್ತಾರೆ. ನೂರೆಂಟು ಗಿಡಮೂಲಿಕೆ ಹಾಕಿದೆ ಅಂತಾರೆ. ತಿರುಗಾಟದಲ್ಲಿ ಅವರನ್ನ ಮೀರಿಸೋರಿಲ್ಲ; 2023ರಲ್ಲಿ ಸುಡಾನಿನಲ್ಲಿ ಯುದ್ಧ ಶುರುವಾದಾಗ ಅಲ್ಲಿ ಸಿಕ್ಕಿಕೊಂಡವರಲ್ಲಿ ಗಿಡಮೂಲಿಕೆ ಮಾರೋಕೆ ಹೋಗಿದ್ದ ನಮ್ಮ ಹಕ್ಕಿಪಿಕ್ಕಿಗಳೂ ಇದ್ದರು. ಅವರ ಕೂದಲು ನೋಡಿದರೆ ನನಗೂ ಆಸೆಯಾಗುತ್ತೆ, ಸುಳ್ಳು ಯಾಕೆ ಹೇಳಲಿ? ಆದರೂ ಒಂದು ಅನುಮಾನ ಬಿಡಲ್ಲ: ಆ ಎಣ್ಣೆಯಿಂದ ಆ ಕೂದಲು ಬಂತೋ, ಆ ಕೂದಲಿಂದ ಆ ಎಣ್ಣೆಗೆ ಗಿರಾಕಿ ಬಂತೋ?

ಈರುಳ್ಳಿ ರಸದ್ದೂ ಹಾಗೇ ಒಂದು ಕಥೆ. 2002ರಲ್ಲಿ ಬಾಗ್ದಾದಿನ ಡಾಕ್ಟರುಗಳು ತಲೆಯಲ್ಲಿ ಅಲ್ಲಲ್ಲಿ ದುಂಡಗೆ ಕೂದಲು ಹೋದ ಕೆಲವೇ ರೋಗಿಗಳಿಗೆ ಹಚ್ಚಿ ನೋಡಿ, ಬೆಳೆಯಿತು ಅಂತ ಬರೆದರು. ಅದು ಬೇರೆಯದೇ ಕಾಯಿಲೆ, ಸಣ್ಣ ಪ್ರಯೋಗ. ಅಲ್ಲಿಂದ ಹೊರಟ ಸುದ್ದಿ ಎಲ್ಲರ ಬೋಳುತಲೆಗೂ ಈರುಳ್ಳಿ ಶಾಂಪೂ ಆಗಿ ಇಳಿಯಿತು. ಮೂಲೆಮನೆ ಆಂಟಿ ಲಿಫ್ಟಿಗೆ ಬಂದರೆ ಹಸಿವಾಗುತ್ತೆ ನೋಡಿ! ಬಯೋಟಿನ್ ಮಾತ್ರೆಯದ್ದೂ ಅಷ್ಟೇ. ಅದರ ಕೊರತೆ ಇರೋರು ಬಲು ಅಪರೂಪ. ಜಾಸ್ತಿ ನುಂಗಿದರೆ ಥೈರಾಯಿಡ್, ಹೃದಯದ ರಕ್ತಪರೀಕ್ಷೆಗಳನ್ನೇ ಅದು ತಪ್ಪು ತೋರಿಸುವಂತೆ ಮಾಡಬಹುದು. ಅದರ ಬದಲು ಕಬ್ಬಿಣದಂಶ, ಥೈರಾಯಿಡ್ ಎರಡನ್ನೂ ಒಂದು ಸಲ ನೋಡಿಸಿಕೊಂಡರೆ ಎಷ್ಟೋ ಹೆಂಗಸರ ಕೂದಲಿನ ಗುಟ್ಟು ಅಲ್ಲೇ ರಟ್ಟಾಗುತ್ತೆ.

ಎಲ್ಲಿದ್ದೆ? ಹಾಂ, ಏನೋ ಹುಡುಕೋಕೆ ಹೋದವರ ಕಥೆ. 1967ರಲ್ಲಿ ಹಂಗೇರಿಯ ಬುಡಾಪೆಸ್ಟಿನಲ್ಲಿ ಎಂಡ್ರೆ ಮೆಸ್ಟರ್ ಅನ್ನೋ ಡಾಕ್ಟರಿಗೆ ಒಂದು ಚಿಂತೆ: ಈ ಹೊಸ ಲೇಸರ್ ಬೆಳಕಿನಿಂದ ಕ್ಯಾನ್ಸರ್ ಬರುತ್ತಾ? ಇಲಿಗಳ ಬೆನ್ನು ಬೋಳಿಸಿ ಲೇಸರ್ ಬಿಟ್ಟರು. ಕ್ಯಾನ್ಸರ್ ಬರಲಿಲ್ಲ. ಲೇಸರ್ ಬಿದ್ದ ಇಲಿಗಳಿಗೆ ಬೇರೆಯವಕ್ಕಿಂತ ಬೇಗ ರೋಮ ಬಂತು! ನಲವತ್ತು ವರ್ಷದ ಮೇಲೆ, 2007ರಲ್ಲಿ, ಲೇಸರ್ ಬಾಚಣಿಗೆಗೆ ಅಮೆರಿಕದಲ್ಲಿ ಪರವಾನಗಿ ಸಿಕ್ಕಿತು. ಈಗ ಅದರದ್ದೇ ಟೋಪಿ, ಹೆಲ್ಮೆಟ್ಟು ಎಲ್ಲ ಬಂದಿದೆ. ಒಳಗೆಲ್ಲ ಕೆಂಪು ದೀಪ. ನಮ್ಮ ಮೈದುನನ ಮನೇಲಿ ಕರೆಂಟು ಹೋದಾಗ ಅವನೊಬ್ಬನೇ ಹಾಲಿನಲ್ಲಿ ಕೆಂಪಗೆ ಬೆಳಗುತ್ತಾ ಕೂತಿದ್ದ. ಮಕ್ಕಳಿಗೆ ಬಲು ಖುಷಿ. ಬೆಳೀತಾ ಅಂತ ಕೇಳಿದರೆ, “ಉದುರೋದು ನಿಂತಿದೆ ಅತ್ತಿಗೆ” ಅಂತಾನೆ. ಅವನದ್ದು ಉದುರೋಕೆ ಇನ್ನೇನು ಉಳಿದಿತ್ತು ಅಂತ ಕೇಳಲಿಲ್ಲ. ಮನೆ ಅಂದಮೇಲೆ ಮಾತು ನೋಡಿಕೊಂಡು ಆಡಬೇಕು, ಅಲ್ವಾ?

ಕಡೆಗೆ ಇರೋದು ನಾಟಿ. ಹೇರ್ ಟ್ರಾನ್ಸ್‌ಪ್ಲಾಂಟು. ಅದನ್ನೂ ಬೋಳುತಲೆಯವರಿಗೆ ಅಂತ ಶುರುಮಾಡಿದ್ದಲ್ಲ. ಜಪಾನಿನ ಶೋಜಿ ಒಕುಡಾ 1939ರಲ್ಲೇ ಸುಟ್ಟ ಗಾಯದವರಿಗೆ ಕೂದಲು ನೆಟ್ಟು ತೋರಿಸಿದ್ದರು. ಬರೆದದ್ದು ಜಪಾನಿ ಭಾಷೆಯಲ್ಲಿ, ಅಷ್ಟರಲ್ಲಿ ಮಹಾಯುದ್ಧ. ಹೊರಗಿನವರಿಗೆ ಗೊತ್ತೇ ಆಗಲಿಲ್ಲ. ನ್ಯೂಯಾರ್ಕಿನ ನಾರ್ಮನ್ ಓರೆಂಟ್ರೈಕ್ ಅನ್ನೋರು 1950ರ ದಶಕದಲ್ಲಿ ಬೇರೆ ಬೇರೆ ಚರ್ಮರೋಗಗಳಲ್ಲಿ ಇಲ್ಲಿಯ ಚರ್ಮ ಅಲ್ಲಿಗೆ, ಅಲ್ಲಿಯದು ಇಲ್ಲಿಗೆ ಕೂರಿಸಿ ನೋಡ್ತಿದ್ದಾಗ ಒಂದು ಗುಣ ಪತ್ತೆಯಾಯಿತು. ಹಿಂದಲೆಯ ಕೂದಲನ್ನ ತಂದು ಮುಂದಲೆಯಲ್ಲಿ ಇಟ್ಟರೂ ಅದು ತನ್ನ ಹಿಂದಲೆಯ ಬುದ್ಧಿ ಬಿಡಲ್ಲ, ಉದುರಲ್ಲ. ತವರು ಬಿಟ್ಟು ಬಂದು ಎಷ್ಟು ವರ್ಷವಾದರೂ ತವರಿನದೇ ಹದದಲ್ಲಿ ಸಾರು ಮಾಡೋ ಸೊಸೆಯರಿಲ್ವಾ? ಆ ಜಾತಿ.

ಈಗಿನ ಕ್ರಮದಲ್ಲಿ ಹಿಂದಲೆಯ ಕೂದಲನ್ನ ತೀರಾ ಗಿಡ್ಡಕ್ಕೆ ಕತ್ತರಿಸಿ, ಮರಗಟ್ಟಿಸೋ ಇಂಜೆಕ್ಷನ್ ಕೊಟ್ಟು, ಒಂದು ಮಿಲಿಮೀಟರಿನ ಆಸುಪಾಸಿನ ಕೊಳವೆಯಿಂದ ಒಂದೊಂದೇ ಬೇರು ಕೀಳ್ತಾರೆ. ಒಂದು ಬೇರಿನ ಗುಂಪಿನಲ್ಲಿ ಒಂದರಿಂದ ನಾಲ್ಕು ಕೂದಲಿರುತ್ತೆ. ಉಪ್ಪುನೀರಿನ ತಟ್ಟೆಯಲ್ಲಿ ಸಾಲಾಗಿ ಜೋಡಿಸಿ, ಎಣಿಸಿ, ಮುಂದಲೆಯಲ್ಲಿ ಸಣ್ಣ ಗೀರು ಮಾಡಿ ಕೂರಿಸ್ತಾರೆ. ಅರ್ಧ ದಿನ ಬೋರಲು, ಅರ್ಧ ದಿನ ಅಂಗಾತ. ಹಣೆಯ ಅಂಚಿಗೆ ಒಂಟಿ ಕೂದಲಿನ ಬೇರೇ ಹುಡುಕಿ ಹಾಕ್ತಾರಂತೆ, ಗುಂಪಿನದು ಹಾಕಿದರೆ ಗೊಂಬೆಯ ಕೂದಲಿನ ಹಾಗೆ ಕಾಣುತ್ತೆ ಅಂತ. ನೆಟ್ಟದ್ದು ಕೆಲವು ವಾರಕ್ಕೆ ಉದುರಿಹೋಗುತ್ತೆ. ಬೇರು ಒಳಗೇ ಇದ್ದು ಮೂರು ನಾಲ್ಕು ತಿಂಗಳಿಗೆ ಚಿಗುರುತ್ತೆ. ಪೂರ್ತಿ ನೋಡೋಕೆ ವರ್ಷ ಬೇಕು. ಇಸ್ತಾಂಬುಲ್ ವಿಮಾನ ನಿಲ್ದಾಣದಲ್ಲಿ ಹಣೆಗೆ ಪಟ್ಟಿ ಕಟ್ಟಿಕೊಂಡ ಗಂಡಸರ ಹಿಂಡೇ ಓಡಾಡುತ್ತೆ ಅಂತ ಹೋಗಿ ಬಂದವರು ಹೇಳ್ತಾರೆ. ನಮ್ಮಲ್ಲೂ ಎಷ್ಟು ಅಂಗಡಿ ತೆರೆದಿದೆ ಅಂದರೆ, 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದವರು ಒಂದು ಸೂಚನೆ ಹೊರಡಿಸಬೇಕಾಯಿತು: ಯೂಟ್ಯೂಬ್ ನೋಡಿದರೆ ಇದನ್ನ ಮಾಡುವಷ್ಟು ತರಬೇತಿ ಆದಂತಲ್ಲ. ಯೂಟ್ಯೂಬ್ ನೋಡಿ ಮೈಸೂರುಪಾಕು ಮಾಡೋಕೆ ಹೋಗಿ ಕಲ್ಲಾದರೆ ಬಾಣಲೆ ತೊಳೆದುಕೊಳ್ಳಬಹುದು. ಇದು ತಲೆ ಕಣ್ರೀ!

ಕೆಲವರು ಸಾಲ ಮಾಡಿ, ಕಂತು ಕಟ್ಟಿ ಮಾಡಿಸಿಕೊಳ್ತಾರೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅಂತ ಅಜ್ಜಿ ಅನ್ನೋಳು. ಈಗ ಜುಟ್ಟಿಗೇ ಸಾಲ. ಹಾಗಂತ ಅವರನ್ನ ನಗೋಕೆ ನನಗೆ ಮನಸ್ಸು ಬರಲ್ಲ. 2017ರಲ್ಲಿ ರಾಜ್ ಬಿ. ಶೆಟ್ಟಿಯವರ ‘ಒಂದು ಮೊಟ್ಟೆಯ ಕಥೆ’ ಬಂತಲ್ಲ, ಕನ್ನಡ ಮೇಷ್ಟ್ರಿಗೆ ಬೋಳುತಲೆ ಅಂತ ಹೆಣ್ಣು ಸಿಗದ ಕಥೆ, ಅದರಲ್ಲಿ ಜನ ನಕ್ಕಿದ್ದಷ್ಟೇ ನೊಂದಿದ್ದೂ ಇತ್ತು. ಅದು 2019ರಲ್ಲಿ ಹಿಂದಿಗೆ ಹೋದಾಗ ಅಲ್ಲಿ ಅದೇ ಹೊತ್ತಿಗೆ ಇನ್ನೊಂದು ಬೋಳುತಲೆಯ ಸಿನಿಮಾ ತಯಾರಾಗಿತ್ತು. ಎರಡೂ ತಂಡದವರಿಗೆ ಜಗಳ! ಇಲ್ಲದ ಕೂದಲಿಗೆ ಕಿತ್ತಾಡಿದ ಮೊದಲನೆಯವರು ಅವರೇ ಇರಬೇಕು. ನಮ್ಮ ಬೆಂಗಳೂರಿನ ಬಸ್ ಕಂಡಕ್ಟರ್ ಆಗಿದ್ದ ರಜನಿಕಾಂತ್ ನೋಡಿ, ಪರದೆ ಮೇಲೆ ಕೂದಲು ಹಾರಿಸಿಕೊಂಡು ಬರ್ತಾರೆ, ಹೊರಗೆ ಬೋಳುತಲೆಯಲ್ಲೇ ಓಡಾಡ್ತಾರೆ. ಯಾರು ಏನಂದರು? ಆದರೆ ಎಲ್ಲರೂ ರಜನಿಕಾಂತ್ ಅಲ್ಲವಲ್ಲ, ಅದೇ ಕಷ್ಟ.

ಎಲ್ಲಕ್ಕಿಂತ ನನಗೆ ಇಷ್ಟವಾದ ಕಥೆ ಇನ್ನೂ ಇದೆ, ತಾಳಿ. ತಲೆಯಲ್ಲಿ ಕಾಸಿನಗಲ ದುಂಡಗೆ ಕೂದಲು ಹೋಗುತ್ತಲ್ಲ, ಹುಳ ತಿಂದಿದೆ ಅಂತೀವಿ. ಅಲ್ಲಿ ಯಾವ ಹುಳವೂ ಇಲ್ಲ. ಮೈಯನ್ನ ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಕೂದಲ ಬೇರಿನ ಮೇಲೆ ತಿರುಗಿಬೀಳೋದು. ಎಷ್ಟೋ ಸಲ ತಾನಾಗೇ ಬೆಳೆಯುತ್ತೆ. ಕೊನೇಲಿ ಗುಲಗಂಜಿ ಅರೆದು ಹಚ್ಚಿದ್ದರೆ ಕೀರ್ತಿ ಗುಲಗಂಜಿಗೆ. ಕೆಲವರಿಗೆ ಮಾತ್ರ ತಲೆಯೆಲ್ಲ ಹರಡಿ ಹುಬ್ಬು ರೆಪ್ಪೆಯೂ ಹೋಗುತ್ತೆ. ಅಂಥವರಿಗೆ 2022ರ ಜೂನಿನಲ್ಲಿ ಅಮೆರಿಕದಲ್ಲಿ ಬ್ಯಾರಿಸಿಟಿನಿಬ್ ಅನ್ನೋ ಮಾತ್ರೆಗೆ ಒಪ್ಪಿಗೆ ಸಿಕ್ಕಿತು. ಅದೇ ವರ್ಷ ಮಾರ್ಚಿನಲ್ಲಿ ಆಸ್ಕರ್ ವೇದಿಕೆ ಮೇಲೆ ವಿಲ್ ಸ್ಮಿತ್ ಹೆಂಡತಿಯ ಬೋಳುತಲೆ ಬಗ್ಗೆ ತಮಾಷೆ ಮಾಡಿದವನಿಗೆ ಕಪಾಳಮೋಕ್ಷ ಮಾಡಿದ್ದು ನೆನಪಿದೆ ತಾನೇ? ಇರಲಿ. ಈ ಬ್ಯಾರಿಸಿಟಿನಿಬ್ ಮೊದಲು ಯಾವುದಕ್ಕೆ ಇತ್ತು ಗೊತ್ತಾ? ಸಂಧಿವಾತಕ್ಕೆ, ಕೀಲುನೋವಿಗೆ! ನಮ್ಮ ಕಡೆ ತಲೆಬುಡ ಇಲ್ಲದ ಮಾತಾಡೋರಿಗೆ ಬೋಳುತಲೆಗೂ ಮೊಣಕಾಲಿಗೂ ಗಂಟು ಹಾಕ್ತಾರೆ ಅಂತ ಬೈತಿದ್ದರು. ಡಾಕ್ಟರುಗಳು ನಿಜವಾಗಿ ಗಂಟು ಹಾಕೇಬಿಟ್ಟರಲ್ಲ! ಸೋಂಕು ಬಾರದ ಹಾಗೆ ನೋಡಿಕೊಂಡು, ಕ್ಷಯದ ಪರೀಕ್ಷೆ ಮಾಡಿಸಿ ಕೊಡೋ ಮಾತ್ರೆ ಅದು, ಹುಡುಗಾಟದ್ದಲ್ಲ. ಸಾಮಾನ್ಯ ಬೋಳುತಲೆಗೆ ಅದು ನಡೆಯೋದೂ ಇಲ್ಲ.

ಸರ್ಕಾರಕ್ಕೂ ಈ ವ್ಯಾಪಾರದ ಬುದ್ಧಿ ಗೊತ್ತಿದೆ ಅನ್ನಿಸುತ್ತೆ. ನಮ್ಮ ದೇಶದ ಔಷಧ ನಿಯಮಗಳಲ್ಲಿ ಷೆಡ್ಯೂಲ್ ಜೆ ಅಂತ ಒಂದು ಪಟ್ಟಿ ಇದೆ. ಯಾವ ಯಾವ ಕಾಯಿಲೆಯನ್ನ ವಾಸಿ ಮಾಡ್ತೀನಿ ಅಂತ ಔಷಧಿಯವರು ಹೇಳಿಕೊಳ್ಳಬಾರದು ಅನ್ನೋ ಪಟ್ಟಿ. ಏಡ್ಸ್, ಕ್ಯಾನ್ಸರ್, ಕುರುಡುತನ ಇವುಗಳ ನಡುವೆ ಬೋಳುತಲೆಯೂ ಗಂಭೀರವಾಗಿ ಕೂತಿದೆ. ಆದರೂ ಬಸ್ಸಿನ ಹಿಂದೆ, ಆಟೋ ಹಿಂದೆ, ಮೊಬೈಲಿನ ತುಂಬ ಮೊದಲು–ಆಮೇಲೆ ಫೋಟೋ. ಮೊದಲಿನ ಫೋಟೋದಲ್ಲಿ ಲೈಟು ನೆತ್ತಿ ಮೇಲೇ, ಆಮೇಲಿನದರಲ್ಲಿ ಲೈಟು ಪಕ್ಕಕ್ಕೆ. ನೀವೇ ಗಮನಿಸಿ ಬೇಕಾದರೆ.

ಮೊನ್ನೆ ಮೊನ್ನೆ, 2024ರಲ್ಲಿ, ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದವರೂ ಪಾಕಿಸ್ತಾನದವರೂ ಸೇರಿ ಒಂದು ಸುದ್ದಿ ಹೊರಗೆ ಬಿಟ್ಟರು. ನಮ್ಮ ಮೈಯಲ್ಲೇ ಇರೋ ಡಿಆಕ್ಸಿರೈಬೋಸ್ ಅನ್ನೋ ಒಂದು ಸಕ್ಕರೆಯನ್ನ ಹಚ್ಚಿದರೆ ಇಲಿಗಳ ಬೆನ್ನಿನಲ್ಲಿ ರೋಮ ಹೆಚ್ಚುಕಮ್ಮಿ ಮಿನಾಕ್ಸಿಡಿಲ್‌ನಷ್ಟೇ ಚೆನ್ನಾಗಿ ಬೆಳೆಯಿತಂತೆ. ಹೇಗೆ ಗೊತ್ತಾಯಿತು? ಅವರು ನೋಡ್ತಾ ಇದ್ದದ್ದು ಗಾಯ ಮಾಗೋದನ್ನ. ಗಾಯದ ಸುತ್ತ ರೋಮ ಜೋರಾಗಿ ಬಂದದ್ದು ಕಣ್ಣಿಗೆ ಬಿತ್ತು! ಇನ್ನೂ ಇಲಿಯ ಮಟ್ಟದಲ್ಲೇ ಇದೆ, ಮನುಷ್ಯರಿಗೆ ಬರೋಕೆ ಕಾಲ ಬೇಕು. ನೀವು ಈಗಲೇ ಅಡುಗೆಮನೆ ಡಬ್ಬಿಯ ಸಕ್ಕರೆ ತಿಕ್ಕಿಕೊಳ್ಳಬೇಡಿ, ಇರುವೆ ಬಂದಾವು.

ಅದಕ್ಕೇ ನಮ್ಮ ಅಣ್ಣನ ಮಗನಿಗೆ ಹೇಳಿದ್ದೀನಿ. ಮೊದಲು ಚರ್ಮದ ಡಾಕ್ಟರ ಹತ್ತಿರ ಹೋಗು, ಉದುರ್ತಿರೋದು ಯಾಕೆ ಅಂತ ತಿಳಿದುಕೋ. ಆಮೇಲೆ ಯಾರೇ ಏನೇ ಮಾರೋಕೆ ಬರಲಿ, ಒಂದೇ ಪ್ರಶ್ನೆ ಕೇಳು: “ಇದು ಮೊದಲು ಯಾವ ಕಾಯಿಲೆಗೆ ಮಾಡಿದ್ದು?” ಬಿಪಿಗೆ, ಪ್ರಾಸ್ಟೇಟಿಗೆ, ಮಂಡಿನೋವಿಗೆ ಅಂದರೆ ಕೂತು ಮುಂದಿನ ಮಾತು ಕೇಳಬಹುದು. “ಇಲ್ಲ ಸಾರ್, ಇದು ಕೂದಲಿಗೆ ಅಂತಲೇ ಸ್ಪೆಷಲಾಗಿ ಮಾಡಿದ್ದು” ಅಂದನೋ, ಪರ್ಸು ಜೇಬಿಗೆ ಹಾಕಿಕೊಂಡು ಎದ್ದು ಬಾ ಅಂತ. ಏನಂತೀರಿ?